ಲೋಹದ ಮುಪ್ಪು ಕಾಯುವಾಕೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸೆಂದಾಯ್ ಊರಿನ ವಿಶ್ವವಿದ್ಯಾಲಯವೊಂದರ ನೆಲಮಾಳಿಗೆಯಲ್ಲಿ ಪ್ರಯೋಗಾಲಯದ ಸಹಾಯಕಿ ಶಿಯೋಮಿ ತತ್ಸುಎ ಆಳೆತ್ತರದ ಉಕ್ಕಿನ ಪಾತ್ರೆಗೆ ದ್ರವ ಹೀಲಿಯಂ ತುಂಬುತ್ತಿದ್ದಾರೆ. ಕೊಳವೆಯ ಬಾಯಲ್ಲಿ ಕೊರೆಯುವ ಚಳಿಯ ಬಿಳಿ ಹಬೆ. ಅವಸರ ಮಾಡುವ ಹಾಗಿಲ್ಲ. ಒಳಗೆ ಕಡಲೆಕಾಳಿನಷ್ಟು ಮಿಶ್ರಲೋಹದ ಚೂರಿದೆ. ಅದಕ್ಕೆ ಬಿಸಿ ತಗುಲಿದರೆ ಚಳಿಗಾಲವಿಡೀ ಕಾದದ್ದು ದಂಡ.

ಆ ಚೂರಿನ ತುಂಬ ಅಣುಗಾತ್ರದ ಕಾಂತಗಳು, ಒಂದೊಂದರ ಮುಖ ಒಂದೊಂದು ಕಡೆಗೆ. ಎಲ್ಲಕ್ಕೂ ಒಪ್ಪಿಗೆಯಾಗುವ ದಿಕ್ಕು ಸಿಗುವುದೇ ಇಲ್ಲ. ಆದರೂ ಕೊರೆಯುವ ತಂಪಿನಲ್ಲಿ ಸುಮ್ಮನೆ ಬಿಟ್ಟರೆ ಮೆಲ್ಲಗೆ ಹೊಂದಿಕೊಳ್ಳುತ್ತ ಹೋಗುತ್ತವೆ. ಹೀಗೆ ಲೋಹಕ್ಕೆ ವಯಸ್ಸಾಗುತ್ತದೆ. ವಯಸ್ಸಾದಷ್ಟೂ ಹೊರಗಿನ ಕಾಂತದ ಕರೆಗೆ ಓಗೊಡುವುದು ತಡ. ಎಷ್ಟು ತಡ ಎಂಬುದೇ ಈ ಪ್ರಯೋಗ ನಡೆಸುವ ಪ್ರೊಫೆಸರ್ ನಿಶಿವಾಕಿ ಅವರ ಪ್ರಶ್ನೆ.

ತತ್ಸುಎ ಮೊದಲು ಬಂದರಿನ ಮೀನುಮಂಡಿಯ ಮಂಜುಗಡ್ಡೆ ಕೋಣೆಯಲ್ಲಿದ್ದವರು. "ಅಲ್ಲಿ ಮೀನು ಹಳಸಬಾರದು ಅಂತ ತಣ್ಣಗಿಡ್ತಿದ್ದೆ. ಇಲ್ಲಿ ಮುದಿಯಾಗ್ಲಿ ಅಂತ ತಣ್ಣಗಿಡ್ತೀನಿ. ಇದನ್ನ ನಮ್ಮಮ್ಮನಿಗೆ ತಿಳಿಸೋಕೆ ಹೋಗಿ ಬೈಸ್ಕೊಂಡೆ," ಎಂದು ನಗುತ್ತಾರೆ. ಬೆರಳ ತುದಿಗಳಲ್ಲಿ ತಂಪು ಸುಟ್ಟ ಕಲೆಗಳಿವೆ. ಸೊಂಟ ಹಿಡಿದುಕೊಳ್ಳುತ್ತದೆ. ಹೊಸ ವರ್ಷದ ಅಕ್ಕಿ ಕಡುಬು ಮೋಚಿಯನ್ನೂ ಈ ಪಾತ್ರೆಯ ಪಕ್ಕದಲ್ಲೇ ಕೂತು ತಿಂದಿದ್ದಾರೆ. ಬೇಸರವೇನಿಲ್ಲವಂತೆ, ಇಲ್ಲಿ ಯಾರೂ ಕೂಗಾಡುವುದಿಲ್ಲ.

ಒಂದೇ ಕೊರಗಿತ್ತು. ಮಾರ್ಚ್ ಕೊನೆಗೆ ಅವರಿಗೆ ನಿವೃತ್ತಿ. ಚೂರಿಗೆ ಕಾಂತ ಹಿಡಿದು ಆ ತಡವನ್ನು ಅಳೆಯುವುದು ಒಂದೇ ಸಲ, ಮೇ ತಿಂಗಳಲ್ಲಿ. ಇಷ್ಟು ಕಾಲ ಕಾದವರು ಆ ದಿನ ಇರುವುದಿಲ್ಲವಲ್ಲ ಎಂದು ನಿಶಿವಾಕಿ ಅವರಿಗೂ ಕಸಿವಿಸಿ. ಕಳೆದ ವಾರ ಕೆಳಗಿಳಿದು ಬಂದು, ಬೇಕಾದರೆ ಮಾರ್ಚ್‌ನಲ್ಲೇ ಅಳೆದುಬಿಡೋಣ ಎಂದರು. ತತ್ಸುಎಗೆ ಆಸೆಯಾಯಿತು, ತುಂಬಾ ಆಸೆಯಾಯಿತು. ಅವತ್ತು ಬುತ್ತಿ ಹಾಗೇ ಮನೆಗೆ ವಾಪಸು ಹೋಯಿತು.

ಮರುದಿನ ಅವರೇ ಮಹಡಿ ಹತ್ತಿದರು. "ಬೇಡ ಮೇಷ್ಟ್ರೇ. ಈಗ ಕೇಳಿದ್ರೆ ಅದು ಎಳೇ ವಯಸ್ಸಿನ ಉತ್ತರ ಕೊಡುತ್ತೆ. ಅದಕ್ಕೋಸ್ಕರ ನಾನಿಷ್ಟು ದಿನ ಕಾಯ್ಲಿಲ್ಲ." ನಿಶಿವಾಕಿ ಎದ್ದು ನಿಂತು ತಲೆ ಬಾಗಿಸಿದರಂತೆ.

ಈಗ ಪಕ್ಕದಲ್ಲಿ ಕುದೋ ಇದ್ದಾರೆ, ಮುಂದೆ ಈ ಕೆಲಸ ನೋಡಿಕೊಳ್ಳುವವರು. ಅವರ ಕೈ ಸ್ವಲ್ಪ ಬಿರುಸು. ತತ್ಸುಎ ಕುದೋ ಅವರ ಮಣಿಕಟ್ಟು ಹಿಡಿದು ಕೊಳವೆಯ ಕವಾಟವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಾರೆ. ಹಬೆ ತೆಳುವಾಗುತ್ತದೆ.

ನಿವೃತ್ತಿಗೆ ಉಡುಗೊರೆ ಏನು ಬೇಕೆಂದು ಕೇಳಿದರೆ ಕವಾಟದಿಂದ ಕಣ್ಣು ತೆಗೆಯದೆ ಹೇಳುತ್ತಾರೆ.

"ಮೇನಲ್ಲಿ ಒಂದಿನ ಒಳಗೆ ಬಿಟ್ರೆ ಸಾಕು, ಬಾಗಿಲ ಹತ್ರ ನಿಂತಿರ್ತೀನಿ. ಅದು ಬೇಗ ಓಗೊಟ್ರೆ ಈ ಕುದೋನ ತಪ್ಪು. ತಡ ಮಾಡಿದ್ರೆ, ಆ ತಡದಲ್ಲಿ ಅರ್ಧ ನಂದು."