ಬೆಟ್ಟದ ಐದೂರು, ಕಡಲ ಐದೂರು

ಹಿನೊಸಾವ ಪುರಸಭೆಯಲ್ಲಿ ಸೊನೊಬೆ ಟೊಮಿ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ. ಪಕ್ಕದೂರುಗಳಿಗೆ ಫೋನು ಮಾಡಿ, ಅಲ್ಲಿ ಹೇಗೆ ಅಂತ ಕೇಳಿ, ಹೋಲಿಕೆಯ ಪಟ್ಟಿ ಬರೆಯುವುದು. ಹಿನೊಸಾವದ ದೊಡ್ಡವರಿಗೆ ಸ್ವಂತ ಬುದ್ಧಿ ಇರಲಿಲ್ಲ ಅಂತಲ್ಲ, ಇದ್ದದ್ದನ್ನು ಖರ್ಚು ಮಾಡಲು ಮನಸ್ಸಿರಲಿಲ್ಲ. ಚರಂಡಿ ಮುಚ್ಚಳ ಬದಲಾಯಿಸಬೇಕಾದರೂ "ಪಕ್ಕದೂರಲ್ಲಿ ಹೇಗಂತೆ?" ಅನ್ನುವರು.

ಪಕ್ಕದೂರು ಯಾವುದು ಅನ್ನೋದು ಮಾತ್ರ ವಿಷಯ ನೋಡಿಕೊಂಡು ಬದಲಾಗುತ್ತಿತ್ತು. ಮೇಯರ್ ಮತ್ತು ಸದಸ್ಯರ ಸಂಬಳ ಏರಬೇಕಾದಾಗ ಬಂದರು, ಕಾರ್ಖಾನೆ, ತುಂಬಿದ ಬೊಕ್ಕಸವಿರುವ ಕಡಲ ಕಡೆಯ ಐದು ಊರು. ಪುರಸಭೆಯ ಬಾಡಿಗೆ ಮನೆಯವರು ಏನಾದರೂ ಕೇಳಿದರೆ, ಮನುಷ್ಯರಿಗಿಂತ ಕೋತಿಗಳೇ ಹೆಚ್ಚಿರುವ ಬೆಟ್ಟದ ಐದು ಊರು. ಎರಡೂ ಪಟ್ಟಿಯನ್ನು ಸೊನೊಬೆಯೇ ದುಂಡಗೆ ಬರೆದುಕೊಟ್ಟಿದ್ದಳು. ಹೊಟ್ಟೆಪಾಡು, ಏನ್ಮಾಡೋದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆ ಬಾಡಿಗೆ ಮನೆಗಳಲ್ಲಿ ನೀರು ಕಾಯಿಸಿ ಮುಳುಗಿ ಕೂರುವ ಸ್ನಾನದ ತೊಟ್ಟಿ ಇರುವುದಿಲ್ಲ, ಬಂದವರೇ ಕೊಂಡು ತರಬೇಕು. ಎಂಬತ್ತನಾಲ್ಕರ ಯೊನೆ ಅಜ್ಜಿಯ ತೊಟ್ಟಿ ನವೆಂಬರಿನಲ್ಲಿ ಒಡೆಯಿತು. ಹೊಸದು ಕೊಳ್ಳುವ ತಾಕತ್ತಿಲ್ಲ, ಊರಿನ ಸಾರ್ವಜನಿಕ ಸ್ನಾನದ ಮನೆ ಮುಚ್ಚಿ ಆರು ವರ್ಷ. ಅಜ್ಜಿ ಕೌಂಟರಿಗೆ ಬಂದು ನಿಂತಳು.

"ಒದ್ದೆ ಬಟ್ಟೇಲಿ ಮೈ ಒರೆಸ್ಕೊಂಡು ಎಷ್ಟು ದಿನ ಇರ್ಲೇ ಟೊಮಿ? ಚಳಿಗೆ ಮೂಳೆ ಕಟಕಟ ಅಂತಾವೆ."

"ಹೋದ ವರ್ಷನೂ ಎಲ್ರೂ ಸೇರಿ ಅರ್ಜಿ ಕೊಟ್ಟಿದ್ರಲ್ಲ ಅಜ್ಜಿ..."

"ಕೊಟ್ಟಿದ್ವಿ. ಬೆಟ್ಟದೋರಿಗೂ ತೊಟ್ಟಿ ಇಲ್ಲ ಅಂತ ಉತ್ತರ ಬಂತು. ಅವ್ರ ಮನೆಗೆ ಸ್ನಾನಕ್ಕೆ ಬರ್ತೀನಿ ಅಂದಿದ್ನಾ ನಾನು? ಅದನ್ನ ಬರೆದೋರು ಯಾರೋ, ಅವ್ರ ಕೈ ಸೇದಿಹೋಗ."

ಬರೆದವಳು ಎದುರಿಗೇ ಕೂತಿದ್ದಳು.

ತೊಟ್ಟಿಯ ಅರ್ಜಿ ಈ ವರ್ಷವೂ ಬಂತು, ಅದೇ ವಾರ ಮೇಯರ್ ಮತ್ತು ಸದಸ್ಯರ ಸಂಬಳದ ಪಟ್ಟಿಗೂ ಅಪ್ಪಣೆಯಾಯಿತು. ಸೊನೊಬೆ ಒಂದೇ ಹಾಳೆ ಬರೆದಳು. 'ಈ ವರ್ಷ ಸಂಬಳಕ್ಕೂ ಬಾಡಿಗೆ ಮನೆಗೂ ಹೋಲಿಸಬೇಕಾದ ಊರುಗಳು' ಅಂತ ತಲೆಬರಹ, ಕೆಳಗೆ ಕಡಲ ಐದೂರು. ಹಾಳೆ ಮೇಜಿಂದ ಮೇಜಿಗೆ ಹೋಗಿ, ಸಹಿಯ ಬದಲು ಎಲ್ಲರ ಹೆಸರಿನ ಮೊಹರು ಹಾಕಿಸಿಕೊಂಡು ಬರಬೇಕು. ಕಿರಿಯರು ಮೊಹರನ್ನು ಮೇಲಿನವರ ಮೊಹರಿನತ್ತ ಕೊಂಚ ವಾಲಿಸಿ ಒತ್ತುತ್ತಾರೆ, ತಲೆ ಬಾಗಿಸಿದ ಹಾಗೆ. ಎಷ್ಟು ವಾಲಿಸಬೇಕು ಅನ್ನುವುದರಲ್ಲಿ ಇದ್ದ ಶ್ರದ್ಧೆ ಓದುವುದರಲ್ಲಿ ಇರಲಿಲ್ಲ. ಕಡಲೂರುಗಳ ಹೆಸರು ಕಂಡದ್ದೇ ಸಂಬಳದ್ದು ಅಂದುಕೊಂಡು ಮೇಯರೂ ಸೇರಿ ಒಂಬತ್ತು ಜನ ಒತ್ತಿದರು.

ಸಭೆಯಲ್ಲಿ ಬಾಡಿಗೆ ಮನೆಯ ಪಟ್ಟಿ ಬಿಚ್ಚಿದರೆ, ಐದೂರಲ್ಲೂ ಪುರಸಭೆಯೇ ತೊಟ್ಟಿ ಹಾಕಿಸಿಕೊಟ್ಟಿತ್ತು. ವಿಭಾಗದ ಮುಖ್ಯಸ್ಥ ಇಸೊಗಾಯಿ ಬಗ್ಗಿ ಪಿಸುಗುಟ್ಟಿದ. "ಸೊನೊಬೆಯವರೇ, ಬೆಟ್ಟ ಎಲ್ಲಿ ಹೋಯ್ತ್ರೀ?"

"ಇದ್ದಲ್ಲೇ ಇದೆ ಸಾರ್. ಎರಡಕ್ಕೂ ಒಂದೇ ಊರುಗಳು ಅಂತ ಎಲ್ಲರ ಮೊಹರೂ ಬಿದ್ದಿದೆ, ಬೇಕಿದ್ರೆ ಎರಡಕ್ಕೂ ಬೆಟ್ಟದ್ದೇ ಹಾಕೋಣ. ಅಲ್ಲಿ ಮೇಯರ್ ಸಂಬಳ ನಮ್ಮೋರಿಗಿಂತ ಕಮ್ಮಿ."

ಮೇಯರ್ ಗಂಟಲು ಸರಿಮಾಡಿಕೊಂಡು, ಬಡವರ ಸ್ನಾನದ ಬಗ್ಗೆ ತಮಗೆ ಮೊದಲಿಂದಲೂ ಕಳಕಳಿ ಅಂದರು. ಎರಡೂ ಪಾಸಾದವು. ಜನವರಿಯಲ್ಲಿ ಯೊನೆ ಅಜ್ಜಿ ಕುತ್ತಿಗೆವರೆಗೆ ಬಿಸಿನೀರಲ್ಲಿ ಮುಳುಗಿ ಕೂತಳು.

ಮಾರ್ಚಿನಲ್ಲಿ ಸೊನೊಬೆ ನಿವೃತ್ತಳಾದಳು. ಅದೇ ಮೇಜಿಗೆ ಗುತ್ತಿಗೆಯ ಮೇಲೆ ಮತ್ತೆ ತೆಗೆದುಕೊಂಡರು. ಅವಳ ಹೊಸ ಸಂಬಳ ಗೊತ್ತುಮಾಡಿದ ಹಾಳೆ ಬಂತು, ಹೋಲಿಕೆಗೆ ಬೆಟ್ಟದ ಐದೂರು. ಅವಳೇ ಹಿಂದೆ ದುಂಡಗೆ ಬರೆದಿದ್ದ ಪಟ್ಟಿಯ ನಕಲು ಅದು. ಕೆಳಗೆ ಎಂಟು ಮೊಹರು ಮೇಯರ್ ಮೊಹರಿನತ್ತ ವಾಲಿಕೊಂಡಿದ್ದವು. ಸೊನೊಬೆಗೆ ಸಿಟ್ಟೂ ಬಂತು, ನಗುವೂ ಬಂತು. ಒಪ್ಪಿಗೆಯ ಜಾಗದಲ್ಲಿ ತನ್ನ ಮೊಹರನ್ನು ನೆಟ್ಟಗೆ ಒತ್ತಿದಳು.