ನಾಲಿಗೆಗೆ ಅಂಟಿದ ಡೈನೋಸಾರ್

ಕುಣಿಗಲ್ ಶಾಲೆಯ ಮಕ್ಕಳಿಗೆ ತೋರಿಸೋಕೆ ಡೈನೋಸಾರ್ ಮೂಳೆಯ ಪಳೆಯುಳಿಕೆಯನ್ನೂ ಅದರಂತೆಯೇ ಕಾಣುವ ಒಂದು ಕಲ್ಲನ್ನೂ ಒಯ್ಯುತ್ತಿದ್ದೆ. ತುಮಕೂರಿನಲ್ಲಿ ಹತ್ತಿದ ಬಸ್ಸು ಕಿಕ್ಕಿರಿದಿತ್ತು. ನಿಂತೇ ಚೀಲ ತೆಗೆದು ನೋಡಿದರೆ, ಯಾವುದು ಮೂಳೆ, ಯಾವುದು ಕಲ್ಲು ಅಂತ ನನಗೇ ಗೊತ್ತಾಗಲಿಲ್ಲ! ಪಳೆಯುಳಿಕೆ ಹುಡುಕುವ ನಮ್ಮ ಕಸುಬಿನಲ್ಲಿ ಇದಕ್ಕೆ ಸುಲಭದ ಪರೀಕ್ಷೆಯಿದೆ: ನೆಕ್ಕಿ ನೋಡುವುದು. ಮೂಳೆಯಾದರೆ ನಾಲಿಗೆಗೆ ಅಂಟುತ್ತದೆ. ನೆಕ್ಕಿದೆ. ಅಂಟಿತು!

ಎದುರು ಸೀಟಿನ ಅಜ್ಜಿ ಕಣ್ಣರಳಿಸಿ, "ಎಷ್ಟು ತಿಂಗ್ಳವ್ವಾ?" ಅಂದರು. ನಾಲಿಗೆ ಮೇಲೆ ಮೂಳೆ ಕೂತಿತ್ತು, ಉತ್ತರ ಹೊರಡಲಿಲ್ಲ. ಅಜ್ಜಿ ಪಕ್ಕದವನನ್ನು ತಿವಿದರು. "ಏಳ್ಲಾ, ಬಸುರಿ ನಿಂತವ್ಳೆ!"

ಕೂತು, ಮೂಳೆ ಬಿಡಿಸಿಕೊಂಡು, "ಅಜ್ಜೀ, ಇದು ಡೈನೋಸಾರ್ ಮೂಳೆ" ಅಂದೆ.

"ಇರ್ಲಿ ಬುಡವ್ವಾ, ಬಯಕೆ ಅಲ್ವಾ? ನಾನು ಒಲೆ ಬೂದಿ ತಿಂದಿದ್ದೆ."

ಸಿಕ್ಕಿದ ಸೀಟು ಯಾರು ಬಿಡ್ತಾರೆ? ಕುಣಿಗಲ್‌ನಲ್ಲಿ ಸೊಂಟಕ್ಕೆ ಕೈಕೊಟ್ಟು, ನಿಧಾನವಾಗಿ ಇಳಿದೆ.