ಎಂಟು ಬೆರಳಿನ ಗೂಡು

ತಲ್ಲೂರಿನ ನನ್ನ ಮನೆಯ ಜಗಲಿಯಲ್ಲಿ, ಹಳೆಯ ಕೊಡೆಯ ಕಡ್ಡಿಗಳಿಂದ ಮಾಡಿದ ಒಂದು ಗೂಡು ಮೊಳೆಗೆ ನೇತಾಡುತ್ತಿದೆ. ಬಂದವರು ಅದನ್ನು ಇಲಿಬೋನು ಅಂದುಕೊಳ್ಳುತ್ತಾರೆ. ಬಾಗಿಲೂ ಇಲ್ಲದ, ತಳವೂ ಇಲ್ಲದ ಬೋನಿನಲ್ಲಿ ಯಾವ ಇಲಿ ಕೂತು ತಪಸ್ಸು ಮಾಡುತ್ತದೆ ಎಂದು ನನಗೆ ರೇಗುತ್ತದೆ. ಅದು ಮಕ್ಕಳ ರಿಮೋಟ್ ಕಾರಿಗೆ ಮಾಡಿದ್ದು ಎಂದು ಹೇಳಿದರೆ ಕತೆ ಪೂರ್ತಿ ಹೇಳಬೇಕಾಗುತ್ತದೆ. ಹಾಗಾಗಿ ಹೂಂ ಅಂದು ಚಾ ಕೊಟ್ಟು ಕಳಿಸುತ್ತೇನೆ.

ನನ್ನದು ಬಲೆ ಹೆಣೆಯುವ, ಹರಿದ ಬಲೆ ಸರಿಮಾಡುವ ಕೆಲಸ. ಗಂಗೊಳ್ಳಿಯ ಬಂದರಿನ ಪಕ್ಕದ ಶೆಡ್ಡಿನಲ್ಲಿ ಕಾಲು ಚಾಚಿ ಕೂತರೆ ಎದುರಿಗೆ ಗುಡ್ಡೆಯಷ್ಟು ಬಲೆ. ನಾವು ಬಲೆಯ ಕಣ್ಣನ್ನು ಬೆರಳಿನಲ್ಲೇ ಅಳೆಯುವುದು. ಎರಡು ಬೆರಳಿನ ಕಣ್ಣು, ಮೂರು ಬೆರಳಿನ ಕಣ್ಣು, ಹೀಗೆ. ಸ್ಕೇಲು ಹಿಡಿದು ಕೂತವನನ್ನು ಶೆಡ್ಡಿನವರು ಸಂಜೆಯವರೆಗೂ ಗೇಲಿ ಮಾಡಿಯಾರು. ಒಬ್ಬನ ಬೆರಳು ಇನ್ನೊಬ್ಬನ ಹಾಗಿರುವುದಿಲ್ಲವಾದ್ದರಿಂದ ಶುರುಮಾಡಿದವನೇ ಆ ಬಲೆಯನ್ನು ಮುಗಿಸಬೇಕು.

ಮಗಳು ಸಣ್ಣವಳಿದ್ದಾಗಲೇ ನನ್ನ ಹೆಂಡತಿ ಅವಳನ್ನು ಕರೆದುಕೊಂಡು ಯಡ್ತರೆಯ ತಾಯಿಮನೆಗೆ ಹೋದಳು. ನಮಗಿಬ್ಬರಿಗೂ ಹೊಂದಲಿಲ್ಲ, ಅಷ್ಟೇ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಜಾಸ್ತಿ. ಅವಳು ಹೋದದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಾನು ಭಾನುವಾರ ಭಾನುವಾರ ಬೈಂದೂರಿನ ಬಸ್ಸು ಹತ್ತಿ, ಇಳಿದು, ಬಿಸಿಲಲ್ಲಿ ನಡೆದು ಹೋಗಿ ಮಗಳನ್ನು ನೋಡಿ ಬರುತ್ತಿದ್ದೆ. ಅತ್ತೆ ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು. ಆದರೆ ಆ ಮನೆಯಲ್ಲಿ ನಾನು ಕೂರುತ್ತಿದ್ದುದು ನೆಂಟರ ಕುರ್ಚಿಯಲ್ಲಿ.

ಆ ರಿಮೋಟ್ ಕಾರನ್ನು ತಂದುಕೊಟ್ಟವನು ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದ ಮಗಳ ಸೋದರಮಾವ. ಕೆಂಪು ಕಾರು, ದಪ್ಪ ಚಕ್ರ. ಮಗಳಿಗೆ ಅದನ್ನು ಬಿಟ್ಟು ಬೇರೆ ಲೋಕವಿರಲಿಲ್ಲ. ನಾನು ಒಯ್ದ ನೆಲಗಡಲೆ ಪೊಟ್ಟಣ ಜಗಲಿಯ ಮೂಲೆಯಲ್ಲೇ ಉಳಿಯುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಅವಳು ಕಾರು ಓಡಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಒಂದು ಸಂಜೆ ಶೆಡ್ಡಿನಲ್ಲಿದ್ದಾಗ ನನ್ನ ಮೊಬೈಲಿಗೆ ಅವಳದೇ ಫೋನು ಬಂತು. ಅಳುತ್ತಿದ್ದಳು. ಒರಟು ಮುರಕಲ್ಲಿನ ಅಂಗಳದಲ್ಲಿ ತಿರುಗಿಸುವಾಗ ಕಾರು ಮಗುಚಿ ಬಿದ್ದು ಅದರ ತಲೆಯ ಮೇಲಿನ ಮಾಡು ಬಿರುಕು ಬಿಟ್ಟಿತ್ತು.

"ಅಪ್ಪಯ್ಯಾ, ಟೀವಿಯಂಗೆ ರೇಸಿನ್ ಕಾರಿಗೆ ಸುತ್ತ ಕಬ್ಣದ್ ಸರ್ಳ್ ಹಾಕಿರ್ತ್ರಲೆ, ಮಗ್ಚಿರೂ ಎಂತ ಆತಿಲ್ಲೆ. ನಂಗ್ ಹಾಂಗಿದ್ದ್ ಮಾಡ್ಕೊಡ್ತ್ಯಾ?"

ಅದಕ್ಕೆ ರೋಲ್ ಕೇಜ್ ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಿದ್ದದ್ದು ಒಂದೇ: ಮಾವನನ್ನು ಕೇಳದೆ ಅವಳು ನನ್ನನ್ನು ಕೇಳಿದ್ದಳು.

"ಅಳ್ತೆ ಹೇಳ್ ಮಗಾ," ಎಂದೆ.

ಅವಳು ರಿಸೀವರ್ ಕೆಳಗಿಟ್ಟು ಓಡಿಹೋಗಿ ಅಳೆದು ಬಂದಳು. "ಅಗ್ಲ ಎಂಟ್ ಬೆರ್ಳ್. ಎತ್ರ ನಾಕ್ ಬೆರ್ಳ್."

ಬಲೆಯವನ ಮಗಳು ಹೌದು ಅನ್ನಿಸಿ ಎದೆ ಉಬ್ಬಿತು. ಶೆಡ್ಡಿನವರಿಗೆಲ್ಲ ಹೇಳಿಕೊಂಡೆ.

ನಮ್ಮ ಕರಾವಳಿಯಲ್ಲಿ ಮುರಿದ ಕೊಡೆಗೇನು ಬರಗಾಲ. ನಾಲ್ಕಾರು ಮನೆಯ ಅಟ್ಟ ಹುಡುಕಿ ತಂದೆ. ಕಡ್ಡಿ ಹಗುರ, ಬಗ್ಗಿಸಿದರೆ ಬಗ್ಗುತ್ತದೆ, ಬಿದ್ದರೆ ಪುಟಿಯುತ್ತದೆ. ಬೆಸುಗೆ ನನಗೆ ಬಾರದು, ಗಂಟು ಬರುತ್ತದೆ. ಕಡ್ಡಿ ಕಡ್ಡಿ ಸೇರುವಲ್ಲೆಲ್ಲ ಬಲೆಯ ನೂಲು ಸುತ್ತಿ, ಬಿಗಿದು, ಮೇಲೆ ಅಂಟು ಹಚ್ಚಿದೆ. ಮುಂದೆ ಎರಡು ಕಮಾನು, ಹಿಂದೆ ಎರಡು, ಮಾಡಿನ ಮೇಲೆ ಕತ್ತರಿಯಂತೆ ಅಡ್ಡಕಡ್ಡಿ. ಗೂಡು ಸಣ್ಣದೇ ಆದರೂ ಊಟದ ಹೊತ್ತು, ಚಾದ ಹೊತ್ತು ಎಲ್ಲ ಅದಕ್ಕೇ ಹೋಯಿತು.

"ಹ್ವಾಯ್, ಎಂತ ಮಾರಾಯ್ರೆ ಅದ್, ಏಡಿ ಹಿಡುಕಾ?" ಎಂದು ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದವನು ಕಾಲೆಳೆದ. ಆ ವಾರ ಯಾರು ಏನಂದರೂ ನನಗೆ ಸಿಟ್ಟು ಬರಲಿಲ್ಲ.

ಭಾನುವಾರ ಗೂಡನ್ನು ಬಟ್ಟೆಯ ಚೀಲದಲ್ಲಿಟ್ಟು, ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದಂತೆ ಎದೆಗವಚಿಕೊಂಡು ಹೋದೆ. ಮಗಳು ಕಾರು ತಂದು ಅಂಗಳದಲ್ಲಿಟ್ಟಳು. ನಾನು ಗೂಡು ಕೂರಿಸಿದೆ. ಅದು ಕೂರಲೇ ಇಲ್ಲ. ಕೋಳಿಯ ಮೇಲೆ ಹೆಡಿಗೆ ಕವುಚಿದ ಹಾಗೆ ಕಾರನ್ನು ನುಂಗಿಕೊಂಡು ಸೀದಾ ನೆಲ ಮುಟ್ಟಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳಿಗೆ ಮೊದಲು ಹೊಳೆಯಿತು. ನನ್ನ ಅಂಗೈ ಹಿಡಿದು ಅದರ ಮೇಲೆ ತನ್ನ ಅಂಗೈ ಇಟ್ಟಳು. ಅವಳ ನಾಲ್ಕು ಬೆರಳು ನನ್ನ ಎರಡೂವರೆ ಬೆರಳಿನಷ್ಟಿತ್ತು.

"ನಾನ್ ಅಳ್ದದ್ದ್ ನನ್ ಬೆರ್ಳಂಗೆ ಅಪ್ಪಯ್ಯಾ! ನೀನ್ ನಿನ್ ಬೆರ್ಳಂಗೆ ಮಾಡಿದ್ದ್ಯಾ?"

ನಕ್ಕಳು ನೋಡಿ, ಅಂಥ ನಗು. ನಾನೂ ನಕ್ಕೆ. ಗೂಡನ್ನು ಎಳೆದುಕೊಂಡೇ ಕಾರು ಅಂಗಳವಿಡೀ ಓಡಿತು, ಅವಳು ಅದರ ಹಿಂದೆ ಓಡಿದಳು. ಒಳಗಿದ್ದ ನನ್ನ ಹೆಂಡತಿ ಕೂಡ ಬಾಗಿಲಿಗೆ ಬಂದು ನಕ್ಕಳು. ಆ ಮನೆಯಲ್ಲಿ ನಾನು ನೆಂಟನಾಗಿರದಿದ್ದದ್ದು ಅದೊಂದೇ ಮಧ್ಯಾಹ್ನ.

"ಬಪ್ಪ ವಾರ ಸಣ್ದ್ ಮಾಡ್ಕಂಡ್ ಬತ್ತೆ," ಎಂದು ಹೇಳಿ ದೊಡ್ಡದನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮುಂದಿನ ಭಾನುವಾರ ಸಣ್ಣ ಗೂಡು ಹಿಡಿದು ಹೋದಾಗ ಜಗಲಿಯಲ್ಲಿ ಅತ್ತೆ ಒಬ್ಬರೇ ಕೂತಿದ್ದರು.

"ತಾಯಿ ಮಗ್ಳ್ ಇಬ್ರೂ ಬೊಂಬಾಯಿಗೆ ಹೋಯಾಯ್ತಲೆ. ಮಾವ ಬಂದ್ ಕರ್ಕಂಡ್ ಹೋದ, ಇನ್ನ್ ಶಾಲಿ ಎಲ್ಲ ಅಲ್ಲೇ ಅಂಬ್ರ್. ನಿಮ್ಗ್ ಹೇಳ್ಳಿಲ್ಯಾ?"

ಹೇಳಬೇಕಾದವರ ಪಟ್ಟಿಯಲ್ಲಿ ನಾನಿರಲಿಲ್ಲ. ಅತ್ತೆ ನೀರು ಬೆಲ್ಲ ತಂದಿಟ್ಟರು. ಮುಂಬಯಿಗೆ ಹೋಗುವವರು ಯಾರಾದರೂ ಸಿಕ್ಕಿದರೆ ಕೊಟ್ಟುಕಳಿಸಿ ಎಂದು ಸಣ್ಣ ಗೂಡನ್ನು ಅಲ್ಲೇ ಇಟ್ಟುಬಂದೆ. ಬಸ್ಸಿನ ಕಿಟಕಿಯ ಪಕ್ಕ ಕೂತು, ನಾಚಿಕೆ ಬಿಟ್ಟು, ತಲ್ಲೂರಿನವರೆಗೂ ಅಳುತ್ತಲೇ ಬಂದೆ. ಸಣ್ಣದು ಅವಳ ಕೈ ಸೇರಿತೋ, ಯಡ್ತರೆಯ ಅಟ್ಟ ಸೇರಿತೋ ತಿಳಿಯಲಿಲ್ಲ. ಫೋನು ಬರುತ್ತಿತ್ತು, ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ. ಪರೀಕ್ಷೆ ಹೇಗಾಯಿತು, ಊಟ ಆಯಿತಾ, ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಮತ್ತೆ ಅವಳು ನನ್ನ ಮನೆಯ ಮೆಟ್ಟಿಲು ಹತ್ತಿದ್ದು ಯಡ್ತರೆಯ ಅಜ್ಜಿ ತೀರಿಕೊಂಡು, ಅವರ ಬೊಜ್ಜದ ಊಟಕ್ಕೆ ಊರಿಗೆ ಬಂದಾಗ. ಕಾಲೇಜು ಹುಡುಗಿ. ಎತ್ತರ ತಾಯಿಯದು, ಕೈ ಮಾತ್ರ ನನ್ನದೇ, ದಪ್ಪ ಬೆರಳು. ಮೀನುಸಾರು ಚೆನ್ನಾಗಿದೆಯೆಂದು ಎರಡು ಸಲ ಬಡಿಸಿಕೊಂಡಳು. ಕೈ ತೊಳೆದು ಜಗಲಿಗೆ ಬಂದವಳ ಕಣ್ಣು ಮೊಳೆಯ ಮೇಲೆ ಹೋಯಿತು. ಗೂಡನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ತನ್ನಷ್ಟಕ್ಕೆ ಎರಡೂ ಕೈಯ ನಾಲ್ಕು ನಾಲ್ಕು ಬೆರಳುಗಳನ್ನು ಜೋಡಿಸಿ ಕಮಾನಿನ ಎರಡು ಕಾಲುಗಳ ನಡುವೆ ಇಟ್ಟಳು. ಒಂದಿಷ್ಟೂ ಸಡಿಲವಿಲ್ಲದೆ ಕೂತವು.

"ಕಾಣ್ ಅಪ್ಪಯ್ಯಾ, ಎಂಟ್ ಬೆರ್ಳ್ ಸಮಾ ಇತ್ತ್," ಎಂದು ನಕ್ಕಳು.

ಇನ್ನೇನು ಅವಳಿಗೆ ನೆನಪಾಯಿತು ಅಂದುಕೊಂಡೆ. ಅವಳು ಗೂಡನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು.

"ಇದ್ ಎಂತಕ್ಕೆ ಮಾಡ್ದ್?"

ಹೇಳಬಹುದಿತ್ತು. ಹೇಳಿದರೆ, ನೆನಪಿಲ್ಲದಿದ್ದಕ್ಕೆ ಅವಳು ಮುಖ ಸಣ್ಣದು ಮಾಡಿಕೊಂಡಾಳು ಅನ್ನಿಸಿತು. ಅವಳು ನನ್ನ ಮನೆಯಲ್ಲಿ ಇದ್ದದ್ದು ಆ ಒಂದು ಮಧ್ಯಾಹ್ನ. ಅದನ್ನು ಹಾಳುಮಾಡಲು ಮನಸ್ಸಾಗಲಿಲ್ಲ.

"ಏಡಿ ಹಿಡುಕೆ," ಎಂದೆ.

"ಬಾಗ್ಲೇ ಇಲ್ಯಲೆ. ಏಡಿ ಓಡಿ ಹೋತಿಲ್ಯಾ?"

"ಹೋತ್ತ್ ಮಗಾ," ಎಂದೆ.